ಮೊಂಬಾಸಾದ ವರ

ಮಾಟುಂಗದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಹೋಟೆಲ್ ಮ್ಯಾನೇಜರರೊಬ್ಬರಿದ್ದರು. ಅವರ ಅಡ್ಡಹೆಸರಿನವರು ಬೊಂಬಾಯಿಯಲ್ಲಿ ಇನ್ನೊಬ್ಬರಿರಲಿಲ್ಲ. ರಂಗೂನಿನದೋ ಏಡನ್ನಿನದೋ ಹಡಗು ಬಂತೆಂದರೆ ಬಂದರಿಗೆ ಓಡಿ, ಇಳಿದವರಲ್ಲಿ ಆ ಹೆಸರಿನವರನ್ನು ಹುಡುಕುತ್ತಿದ್ದರು. ಒಬ್ಬರೂ ಸಿಗದಿದ್ದರೂ ಮರಳಿ ಬಂದು ಕೊಡೆಯನ್ನು ನೆಲಕ್ಕೆ ಕುಟ್ಟಿ, "ನಮ್ಮವರು ಎಲ್ಲಿಯಾದ್ರೂ ಇದ್ದೇ ಇರ್ತಾರೆ ಮಾರಾಯ್ರೆ" ಎನ್ನುತ್ತಿದ್ದರು.

ಒಮ್ಮೆ ಅವರ ತಂಗಿಯ ಮಗಳನ್ನು ನೋಡಲು ಮೊಂಬಾಸಾದಲ್ಲಿ ಹುಟ್ಟಿದ ಹುಡುಗ ಬಂದ. ಅವರ ಪೈಕಿ ಮನೆತನವೂ ಅಡ್ಡಹೆಸರೂ ಬರುವುದು ತಾಯಿಯಿಂದ; ಹಾಗಾಗಿ ಮ್ಯಾನೇಜರರದೂ ಈ ಹುಡುಗಿಯದೂ ಒಂದೇ ಮನೆತನ. ಹುಡುಗನೋ ಆಫ್ರಿಕಾದ ರೂಢಿಯಂತೆ ತಂದೆಯ ಅಡ್ಡಹೆಸರು ಇಟ್ಟುಕೊಂಡಿದ್ದ. ಮದುವೆ ದಲ್ಲಾಳಿ ಆ ಹೆಸರನ್ನಷ್ಟೇ ಕೇಳಿ ಬೇರೆ ಮನೆತನವೆಂದುಕೊಂಡಿದ್ದ. ಹುಡುಗಿ ತಲೆ ತಗ್ಗಿಸಿ ಉಪ್ಪಿಟ್ಟು ತಂದಿಟ್ಟಾಗ ಮ್ಯಾನೇಜರರು, "ನಿಮ್ಮ ಅಮ್ಮನ ಮನೆತನ ಯಾವುದು?" ಎಂದರು. ಅವನು ಇವರದೇ ಹೆಸರು ಹೇಳಿದ.

ಒಂದೇ ಮನೆತನವೆಂದರೆ ಅಣ್ಣತಂಗಿ, ಮದುವೆ ಕೂಡದು. ದಲ್ಲಾಳಿ ತಲೆಯ ಮೇಲೆ ಕೈಹೊತ್ತು ಕುಳಿತ. ಮ್ಯಾನೇಜರರು ಮಾತ್ರ ಕೊಡೆ ಹಿಡಿದು ಚಾಳಿನುದ್ದಕ್ಕೂ ಓಡಿ ಎಲ್ಲರ ಬಾಗಿಲು ಬಡಿದರು.

"ಸಿಕ್ಕಿದ್ರು ಮಾರಾಯ್ರೆ, ನಮ್ಮವರು ಸಿಕ್ಕಿದ್ರು."

"ಮದುವೆ ಕತೆ ಏನು?" ಎಂದೆ.

"ಗಂಡು ನಾಳೆಯೂ ಸಿಗ್ತದೆ. ಅಣ್ಣ ಸಿಗ್ತಾನಾ?"

ಒಳಗೆ ಹುಡುಗಿ ಅವನಿಗೆ ಇನ್ನಷ್ಟು ಉಪ್ಪಿಟ್ಟು ಬಡಿಸುತ್ತಿದ್ದಳು, ಈಗ ತಲೆ ಎತ್ತಿ.