ನಾಗಕ್ಕನ ರಾಗಿ ಕೂಸು

ತುರುವನೂರಿನ ನಾಗಕ್ಕ ದುರ್ಗದ ನರ್ಸ್ ತರಬೇತಿ ಶಾಲೆಯೊಂದರಲ್ಲಿ ಆಯಾ ಆಗಿದ್ದಳು. ಶಾಲೆಯಲ್ಲಿ ಹೆರಿಗೆ ಪಾಠಕ್ಕಿದ್ದ ಪ್ಲಾಸ್ಟಿಕ್ ಗೊಂಬೆಯ ಕುತ್ತಿಗೆ ಮುರಿದ ವರ್ಷ ಹಳೇ ಸೀರೆ ಹರಿದು, ರಾಗಿ ತುಂಬಿ, ತಾನೇ ಒಂದು ಕೂಸು ಹೊಲಿದುಕೊಟ್ಟಳು. ಎತ್ತಿದರೆ ಆಗತಾನೇ ಹುಟ್ಟಿದ ಮಗುವಿನದೇ ಭಾರ. ಕುತ್ತಿಗೆಯನ್ನು ಬೇಕೆಂದೇ ಸಡಿಲವಾಗಿ ಹೊಲಿದಿದ್ದಳು. ಕೈ ಕೊಡದಿದ್ದರೆ ತಲೆ ಜೋತುಬೀಳುತ್ತಿತ್ತು.

ಪಾಠ ಹೇಳುವವರು ಟೀಚರಮ್ಮ, ಅಳುವವಳು ನಾಗಕ್ಕ. ಹುಟ್ಟಿದ ಕೂಸು ಉಸಿರಾಡದಿದ್ದರೆ ಮೈ ಒರೆಸಬೇಕು, ಬಾಯಿ ಚೊಕ್ಕಟ ಮಾಡಬೇಕು, ಬೆನ್ನು ತೀಡಬೇಕು, ರಬ್ಬರ್ ಚೀಲ ಒತ್ತಿ ಗಾಳಿ ಕೊಡಬೇಕು. ಹುಡುಗಿ ಇಷ್ಟನ್ನೂ ಸರಿಯಾಗಿ ಮಾಡಿದರೆ ಹಿಂದೆ ನಿಂತ ನಾಗಕ್ಕ "ಕುವ್ವಾ" ಎಂದು ಅಳುವಳು. ಆ ಅಳು ಕೇಳಿದರೆ ಪಾಸು. ತಪ್ಪಿದರೆ ಸೆರಗು ಬಾಯಿಗಿಟ್ಟುಕೊಂಡು ಸುಮ್ಮನಿರುವಳು.

"ಅಳು ನಾಗಕ್ಕ, ಊಟದ ಹೊತ್ತಾತು," ಎಂದು ಸುಷ್ಮಿತಾ ಎಂಬ ಹುಡುಗಿ ರಾಗ ಎಳೆಯುತ್ತಿದ್ದಳು.

"ತಲೆ ವಾಲೈತೆ ನೋಡೇ ಮಂಕೆ. ಸರಿಯಾಗಿ ಮಾಡು, ಕೂಸು ಅತ್ತೇ ಅಳ್ತೈತೆ."

ಓದು ಮುಗಿಸಿದ ಸುಷ್ಮಿತಾ ತುರುವನೂರಿನ ಆಸ್ಪತ್ರೆಗೇ ನರ್ಸಾಗಿ ಬಂದಳು. ಆ ಹೊತ್ತಿಗೆ ನಾಗಕ್ಕನ ಮಗಳು ಮೇಘಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

"ನನ್ನ ಕೈಯಾಗೆ ಪಳಗಿದ ಹುಡುಗಿ ಅದಾಳೆ, ನೀನ್ಯಾಕೆ ಹೆದರ್ತೀಯ?" ಎಂದು ನಾಗಕ್ಕ ಮಗಳ ತಲೆ ಸವರಿದಳು.

೨೦೦೪ರ ಶ್ರಾವಣದ ಒಂದು ಮಧ್ಯಾಹ್ನ ಗಂಡು ಕೂಸು ಹುಟ್ಟಿತು. ಅಳಲಿಲ್ಲ. ಮೈಯೆಲ್ಲ ನೀಲಿ.

ಸುಷ್ಮಿತಾ ಕೂಸನ್ನು ಪರದೆಯಾಚೆಯ ಮೇಜಿಗೆ ಒಯ್ದಳು. ಒರೆಸಿದಳು, ತೀಡಿದಳು, ಗಾಳಿ ಒತ್ತಿದಳು. ಒಂದು ತಪ್ಪಾದರೂ ಸಿಗಲಿ, ತಿದ್ದೇನು ಎಂದು ನಾಗಕ್ಕ ಆ ಕೈಗಳನ್ನೇ ನೋಡಿದಳು. ಸಿಗಲಿಲ್ಲ.

ಕೊನೆಗೆ ಸುಷ್ಮಿತಾ, ಕೈ ನಿಲ್ಲಿಸದೆಯೇ, ತಲೆಯೆತ್ತಿ ನಾಗಕ್ಕನ ಬಾಯಿ ನೋಡಿದಳು. ಶಾಲೆಯಲ್ಲಿ ಬಿದ್ದ ರೂಢಿ. ನಾಗಕ್ಕನ ಬಾಯಿಯೂ ತಂತಾನೇ ತೆರೆಯಿತು.

"ಅವ್ವಾ, ಅಳ್ತೈತೇನವ್ವಾ ಕೂಸು?" ಪರದೆಯೀಚೆ ಮೇಘಶ್ರೀ ಕಿವಿಗೊಟ್ಟು ಮಲಗಿದ್ದಳು.

ನಾಗಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕೂಸನ್ನು ಮಣ್ಣು ಮಾಡಿಯಾಗಿ, ಮಗಳು ಎದ್ದು ಓಡಾಡುವಂತಾದ ಮೇಲೆ ನಾಗಕ್ಕ ಶಾಲೆಗೆ ಮರಳಿದಳು. ಹೊಸ ಹುಡುಗಿಯೊಬ್ಬಳು ಎಲ್ಲ ಮಾಡಿ ಮುಗಿಸಿ, ಅಳು ಬರಲೆಂದು ಕಾದಳು. ಬರಲಿಲ್ಲ.

"ಎಲ್ಲಿ ತಪ್ಪಿದೆ ನಾಗಕ್ಕ?"

"ಎಲ್ಲೂ ತಪ್ಪಿಲ್ಲ ಕಣವ್ವ."

ನಾಗಕ್ಕ ರಾಗಿ ಕೂಸನ್ನು ತಲೆಗೆ ಕೈ ಕೊಟ್ಟು ಎತ್ತಿಕೊಂಡಳು, ಬೆಚ್ಚಗೆ ಬಟ್ಟೆ ಸುತ್ತಿ ಹುಡುಗಿಯ ಕೈಗಿಟ್ಟಳು. ಆಮೇಲೆ ತಾನೇ ಹೋಗಿ ಹೆರಿಗೆ ಮಂಚದ ಮೇಲೆ ಕುಳಿತಳು.

"ಈಗ ಇದನ್ನ ತಾಯಿ ಮಡ್ಲಿಗೆ ಹೆಂಗೆ ಹಾಕ್ತೀಯ, ಏನಂತ ಹೇಳ್ತೀಯ, ಮಾಡಿ ತೋರ್ಸು," ಎಂದು ಮಡಿಲೊಡ್ಡಿದಳು.