ನೀರು ಬರುವ ಹೊತ್ತಿಗೆ ಮನೆಯಲ್ಲಿರದ ಮರಿಸ್ವಾಮಿ

ನಮ್ಮ ಬಡಾವಣೆಗೆ ನೀರು ಬಿಡುವ ಮರಿಸ್ವಾಮಿಯವರನ್ನು ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ. ಮೊದಲ ಹದಿನೇಳು ವರ್ಷ ನೋಡಿದ್ದು ಲೆಕ್ಕಕ್ಕಿಲ್ಲ ಎಂದು ಈಗ ಅನಿಸುತ್ತದೆ. ನಲ್ಲಿಯಲ್ಲಿ ನೀರು ಬಂದ ದಿನ ಅವರ ನೆನಪೇ ಆಗುತ್ತಿರಲಿಲ್ಲ. ಬಾರದ ದಿನ ಮಾತ್ರ ‘ಎಲ್ಲಿ ಹೋದ್ರಿ’ ಎಂದು ಫೋನಿನಲ್ಲಿ ರೇಗುತ್ತಿದ್ದೆ. ನಾನು ಚೂಡಾಮಣಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ನೀರಿನ ಒತ್ತಡದ ಬಗ್ಗೆ ಸಾವಿರಾರು ಮಕ್ಕಳಿಗೆ ಪಾಠ ಮಾಡಿದ್ದೇನೆ. ನಮ್ಮ ಮನೆಗೆ ನೀರು ಹೇಗೆ ಬರುತ್ತದೆ ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಥೀಮ್ ಪಾರ್ಕಿನ ಸುದ್ದಿ ಹಬ್ಬಿದ ಮೇಲೆ.

ವಿದ್ಯಾರಣ್ಯಪುರಂ ದಾಟಿ ರಿಂಗ್ ರೋಡಿನ ಕಡೆ ಬಂದರೆ ನಮ್ಮ ಬಡಾವಣೆ. ಒಂಬತ್ತು ಕ್ರಾಸು, ನೂರ ಮೂವತ್ತು ಮನೆ. ದಿನ ಬಿಟ್ಟು ದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ನೀರು. ಹೋದ ವರ್ಷ ರಿಂಗ್ ರೋಡಿನ ಆಚೆಯ ಬಯಲಿಗೆ ತಗಡಿನ ಬೇಲಿ ಎದ್ದಿತು. ಬೇಲಿಯ ಮೇಲೆ ಮೂರು ಆಳೆತ್ತರದ ಚಿತ್ರ. ನೀಲಿ ಅಲೆ, ಅಲೆಯ ಮೇಲೆ ರಬ್ಬರ್ ಟ್ಯೂಬಿನಲ್ಲಿ ಕೂತು ಬಾಯಿ ತೆರೆದು ನಗುವ ಸಂಸಾರ, ಕೆಳಗೆ ‘ಇನ್ನು ಮೈಸೂರಿನಲ್ಲೇ ಸಮುದ್ರ’ ಎಂಬ ಬರಹ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಆವತ್ತಿನಿಂದ ಗುಡ್ ಮಾರ್ನಿಂಗ್ ಹೂವುಗಳು ನಿಂತುಹೋದವು. ಅರ್ಧ ಜನ ಮಹಡಿ ಕಟ್ಟಿಸಿ ಹೋಂಸ್ಟೇ ಮಾಡುವ ಕನಸಿನಲ್ಲಿದ್ದರು. ಉಳಿದರ್ಧ ಜನ ವಾಹನ, ಗಲಾಟೆ, ಕಸ ಎಂದು ಪಟ್ಟಿ ಮಾಡುತ್ತಿದ್ದರು. ಅಲ್ಲಿ ಯಂತ್ರದ ಅಲೆಗೆ ನೀರು ಎಲ್ಲಿಂದ ತರುತ್ತಾರೆ ಎಂದು ಮೊದಲು ಕೇಳಿದವರು ಆ ಗುಂಪಿನಲ್ಲಿ ಇಲ್ಲವೇ ಇಲ್ಲ.

ಕೇಳಿದವಳು ದಿವ್ಯ. ಒಂಬತ್ತನೇ ಕ್ರಾಸಿನ ಕೊನೆಯ ಮನೆಯಲ್ಲಿ ಇಡ್ಲಿ ಮಾಡಿ ಮಾರುತ್ತಾಳೆ. ಆ ಕ್ರಾಸು ದಿಣ್ಣೆಯ ಮೇಲಿದೆ, ಪೈಪು ಅಲ್ಲಿಗೇ ಮುಗಿಯುತ್ತದೆ. ಎರಡು ಗಂಟೆ ನೀರು ಬಿಟ್ಟರೆ ಅವಳಿಗೆ ಸಿಗುವುದು ಎರಡು ಕೊಡ, ಕೆಲವು ದಿನ ಬರೀ ಗಾಳಿ. ಒಂದು ಬೆಳಿಗ್ಗೆ ನಾನು ಇಡ್ಲಿಗೆಂದು ಹೋಗಿದ್ದಾಗ ಮರಿಸ್ವಾಮಿ ಅಲ್ಲೇ ಕಲ್ಲಿನ ಮೇಲೆ ಕೂತು ತಿನ್ನುತ್ತಿದ್ದರು. ವಾಲ್ವ್ ತಿರುಗಿಸುವ ಆಳುದ್ದದ ಕಬ್ಬಿಣದ ರಾಡು ಗೋಡೆಗೆ ಒರಗಿತ್ತು.

“ಅಣ್ಣ, ಆ ಪಾರ್ಕು ಬಂದ್ರೆ ನಮ್ಗೆ ಈ ಎರಡು ಕೊಡನೂ ಬರಾಕಿಲ್ವಾ?” ಎಂದು ದಿವ್ಯ ಕೇಳಿದಳು. “ನೀರಿಲ್ದೆ ಇಡ್ಲಿ ಬೇಯ್ಸಕ್ಕಾಯ್ತದಾ? ಆಗದಿದ್ರೆ ಈಗ್ಲೇ ಏಳ್ಬುಡಿ, ಬೇರೆ ಕಡೆ ಮನೆ ನೋಡ್ತೀನಿ.”

ಮರಿಸ್ವಾಮಿ ಚಟ್ನಿ ಅದ್ದಿದ ತುಂಡನ್ನು ಕೈಯಲ್ಲೇ ಹಿಡಿದು ಯೋಚಿಸಿದರು. “ಗೊತ್ತಿಲ್ಲ ಕಣವ್ವ. ತಿಳ್ಕಂಡು ಏಳ್ತೀನಿ” ಎಂದರು.

ಹಾಗೆ ಹೇಳಿ ಮರೆತುಬಿಡುವವರು ಊರ ತುಂಬ ಇದ್ದಾರೆ. ಈ ಮನುಷ್ಯ ಮರೆಯಲಿಲ್ಲ. ಅವರ ತಂದೆ ಬೀರಯ್ಯ ವರುಣಾ ಕಡೆಯ ಹಳ್ಳಿಯೊಂದರಲ್ಲಿ ನೀರುಗಂಟಿಯಾಗಿದ್ದವರು, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದವರು. ಕೊನೆಯ ಗದ್ದೆ ನೆನೆಯುವ ತನಕ ಬೀರಯ್ಯ ತಮ್ಮ ಗದ್ದೆಗೆ ನೀರು ತಿರುಗಿಸುತ್ತಿರಲಿಲ್ಲವಂತೆ. ಮಗ ಪೇಟೆಗೆ ಬಂದು ನೀರಿನ ಕೆಲಸಕ್ಕೇ ಸೇರಿಕೊಂಡರು. ಇಪ್ಪತ್ತಾರು ವರ್ಷದಿಂದ ನೀರಿನ ದಿನ ಒಂದೂ ತಪ್ಪಿಸಿಲ್ಲ. ಮದುವೆಯಾದ ಮರುದಿನವೂ ವಾಲ್ವಿನ ಗುಂಡಿಯ ಹತ್ತಿರ ನಿಂತಿದ್ದರು ಎಂದು ಅವರ ಹೆಂಡತಿ ಕೆಂಚಮ್ಮ ಈಗಲೂ ಆಡಿಕೊಳ್ಳುತ್ತಾರೆ.

ಪಾರ್ಕಿನ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ಇನ್ನೆರಡು ವಾರಕ್ಕಿತ್ತು. ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ವಾಗೀಶ ಬ್ಯಾಂಕಿನಿಂದ ನಿವೃತ್ತರಾದವರು. ಭಾಷಣದ ಚಪಲ ಮಾತ್ರ ನಿವೃತ್ತಿಯಾಗಿಲ್ಲ. ಅವರು ಮರಿಸ್ವಾಮಿಯವರನ್ನು ಕರೆಸಿ, “ನೀವು ಎದ್ದು ನಿಂತು ಒಂದೇ ಮಾತು ಹೇಳ್ಬೇಕು ಕಣ್ರೀ. ಈಗ್ಲೇ ನೀರು ಸಾಲ್ತಿಲ್ಲ, ಒಂಬತ್ತನೇ ಕ್ರಾಸಿಗೆ ಹೋಗ್ತಾನೇ ಇಲ್ಲ ಅಂತ. ನಮ್ಮ ಮಾತಿಗಿಂತ ನಿಮ್ಮ ಮಾತಿಗೆ ತೂಕ ಜಾಸ್ತಿ” ಎಂದರು.

“ಏಳ್ಬೋದು ಸಾರ್. ಆದ್ರೆ ಯಾಕೆ ಓಗ್ತಿಲ್ಲ ಅಂತ ನಂಗೇ ಗೊತ್ತಿಲ್ವಲ್ಲ” ಎಂದರು ಮರಿಸ್ವಾಮಿ. “ಆಗ್ಲೂ ಅದೇ ಟ್ಯಾಂಕು, ಅದೇ ಪೈಪು. ಮೊದ್ಲೆಲ್ಲ ಆ ಕ್ರಾಸಲ್ಲಿ ನಲ್ಲಿ ಬುಟ್ರೆ ಕೊಡ ತುಂಬಿ ಚೆಲ್ತಿತ್ತು.”

“ಅದೆಲ್ಲ ಈಗ ಯಾಕೆ ಬಿಡ್ರೀ” ಎಂದರು ವಾಗೀಶ.

ಬಿಡುವುದು ಅವರಿಂದಾಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಮುಂದಿನ ನೀರಿನ ದಿನ ಆರು ಗಂಟೆಗೆ ವಾಲ್ವ್ ತಿರುಗಿಸಿ ಅವರು ರಾಡು ಹೊತ್ತು ಬೀದಿಗೆ ಬಂದರು. ನಾನು ನೋಟ್‌ಬುಕ್ಕು ಹಿಡಿದು ಹಿಂದೆ ಹೊರಟೆ. ಅವರು ಮಾಡಿದ್ದು ಇಷ್ಟೇ. ಪ್ರತಿ ಮನೆಯ ಗೇಟಿನ ಬಳಿ ಮೀಟರಿನ ಪೈಪಿಗೆ ರಾಡಿನ ಒಂದು ತುದಿ ಇಟ್ಟು, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಪೈಪು ಒಡೆದಿದ್ದರೆ ಹುಡುಕಲು ಅವರು ಹೀಗೆ ಕೇಳುವುದನ್ನು ನೋಡಿದ್ದೆ. ನನಗೂ ಕೇಳಿಸಿ ಎಂದೆ. ಬರೀ ನೀರು ಹರಿದರೆ ಅಕ್ಕಿ ತೊಳೆದಂಥ ಸದ್ದು. ಎರಡನೇ ಕ್ರಾಸಿನ ಒಂದು ಮನೆಯಲ್ಲಿ ಬೇರೆಯೇ ಸದ್ದು ಬಂತು, ಒಳಗೆಲ್ಲೋ ದುಂಬಿ ಕೂತ ಹಾಗೆ.

“ಮೋಟ್ರು” ಎಂದರು ಮರಿಸ್ವಾಮಿ. “ಬರೋ ನೀರ್ನ ಕಾಯ್ತಾ ಕೂರೋದಿಲ್ಲ ಮೇಡಮ್ಮೋರೆ, ಪೈಪಿಗೇ ಮೋಟ್ರು ಆಕಿ ಈರ್ಕತಾರೆ. ಒಂದು ಮನೇಲಿ ಈರುದ್ರೆ ಪಕ್ಕದ್ ಮನೇಲಿ ಸಣ್ಣಗಾಯ್ತದೆ. ಅವ್ರೂ ಒಂದು ತರ್ತಾರೆ.”

ಇದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತು. ನಮ್ಮ ಮನೆಯ ಗೇಟು ಬಂದಾಗ ಮರಿಸ್ವಾಮಿ ರಾಡು ಇಡದೆ ಮುಂದೆ ನಡೆದರು. ದಾಕ್ಷಿಣ್ಯ. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. “ಇಡೋದೇ ಬೇಡ, ನಮ್ಮಲ್ಲೂ ಮೋಟಾರು ಇದೆ” ಎಂದು ಹೇಳಿ ನಾನೇ ಬರೆದುಕೊಂಡೆ. ಆರು ವರ್ಷದ ಹಿಂದೆ ಹಾಕಿಸಿದ್ದು. ಎದುರು ಮನೆಯವರು ಹಾಕಿಸಿದ್ದಕ್ಕೆ ನಾನು ಹಾಕಿಸಿದೆ. ಈ ನೆಪ ಹೇಳಿದ್ದು ನನ್ನ ಶಾಲೆಯ ಮಕ್ಕಳಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮೂರು ನೀರಿನ ದಿನಗಳಲ್ಲಿ ಎಂಟು ಕ್ರಾಸು ಮುಗಿಸಿದೆವು. ನಾಲ್ಕನೇ ಕ್ರಾಸನ್ನು ಕೊನೆಗೆ ಉಳಿಸಿಕೊಂಡಿದ್ದೆವು, ಮರಿಸ್ವಾಮಿಯವರ ಮನೆ ಇರುವುದು ಅಲ್ಲೇ. ಕೆಲಸ ಮುಗಿಸಿ ಅಲ್ಲೇ ಕಾಫಿ ಕುಡಿಯುವುದು ಎಂದುಕೊಂಡಿದ್ದೆವು. ಅವರು ತಮ್ಮ ಗೇಟಿನ ಪೈಪಿಗೆ ರಾಡು ಇಟ್ಟದ್ದು ಅಭ್ಯಾಸಬಲದಿಂದ. ಕಿವಿಗೆ ಒತ್ತಿ ಕಣ್ಣು ಮುಚ್ಚಿದರು. ಆಮೇಲೆ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ, ಹಳೇ ಡಬ್ಬದ ಮರೆಯಲ್ಲಿ ಮೋಟಾರು ಇತ್ತು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಮೋಟಾರು ಎಂದು ಅವರು ಏಳು ವರ್ಷದಿಂದ ನಂಬಿದ್ದರು. ಅದರ ಪೈಪು ಸಂಪಿಗೆ ಹೋಗಿರಲೇ ಇಲ್ಲ. ಕೂಡಿಸಿದವನು ಕೆಂಚಮ್ಮನ ತಮ್ಮ ಮೋಹನ್, ಪ್ಲಂಬರು. ನೀರು ಬರುವ ಎರಡು ಗಂಟೆ ಮಾತ್ರ ಅದು ಓಡುತ್ತಿತ್ತು. ಆ ಎರಡು ಗಂಟೆ ಮರಿಸ್ವಾಮಿ ಮನೆಯಲ್ಲಿ ಇರುತ್ತಲೇ ಇರಲಿಲ್ಲ.

“ಕೆಂಚಿ, ಏನಿದು?” ಎಂದರು.

ಕೆಂಚಮ್ಮ ಕೈ ಒರೆಸಿಕೊಂಡು ಹೊರಗೆ ಬಂದರು. ತಲೆ ತಗ್ಗಿಸಲಿಲ್ಲ. “ಊರ್ಗೆಲ್ಲ ನೀರು ಬುಡ್ತೀರಿ. ನಮ್ಮನೆ ಕೊಡ ತುಂಬೋರು ಯಾರು? ಮಗೀನ ಕಂಕುಳಲ್ಲಿ ಇಟ್ಕಂಡು ನಾನು ತುಂಬ್ದೆ, ಬಸ್ರಿಲೂ ತುಂಬ್ದೆ. ಇಪ್ಪತ್ತಾರು ವರ್ಷದಲ್ಲಿ ಒಂದ್ ದಿನ, ಒಂದೇ ದಿನ ನೀರು ಬರೋ ಒತ್ತಿಗೆ ನೀವು ಮನೇಲಿದ್ರಾ ಏಳಿ. ಸೊಂಟ ಬಿದ್ದೋದ್ಮೇಲೆ ಮೋಟ್ರು ಆಕಿಸ್ಕಂಡೆ. ಕೀಳಾಕಿಲ್ಲ.”

ನನಗೆ ಕೆಂಚಮ್ಮನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಮಾತಿನಲ್ಲಿ ಸುಳ್ಳೆಲ್ಲಿತ್ತು? ಕಾಫಿ ಕುಡಿಯದೆ ಮನೆಗೆ ಬಂದೆ. ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಮೋಟಾರುಗಳಾಗಿದ್ದವು.

ಸುದ್ದಿ ವಾಗೀಶರಿಗೆ ಮುಟ್ಟಿತು. ಅವರ ಮನೆಯದ್ದೂ ಪಟ್ಟಿಯಲ್ಲಿತ್ತು. “ಇದನ್ನ ಸಭೇಲಿ ಬಾಯಿ ಬಿಟ್ರೆ ಪಾರ್ಕಿನೋರಿಗೆ ನಾವೇ ಬೆಣ್ಣೆ ತಿನ್ನಿಸ್ದಂಗೆ. ತಪ್ಪೆಲ್ಲ ನಮ್ದೇ ಅಂತ ಹೇಳಿ ಆರಾಮಾಗಿ ಪೈಪು ಎಳ್ಕೊಂಡು ಹೋಗ್ತಾರೆ” ಎಂದರು. ಭಾಷಣದ ಮನುಷ್ಯರಾದರೂ ಈ ಮಾತಿನಲ್ಲಿ ಹುರುಳಿತ್ತು. ಮರಿಸ್ವಾಮಿಗೂ ಅದು ಗೊತ್ತಿತ್ತು. ಹೇಳಿದರೆ ಒಂಬತ್ತನೇ ಕ್ರಾಸಿನ ಪರವಾದ ಒಂದೇ ವಾದ ಕೈತಪ್ಪುತ್ತದೆ, ಹೇಳದಿದ್ದರೆ ದಿವ್ಯಳಿಗೆ ಕೊಡುವ ಉತ್ತರ ಸುಳ್ಳಾಗುತ್ತದೆ.

ಸಭೆ ನಡೆದದ್ದು ಸಮುದಾಯ ಭವನದಲ್ಲಿ, ಬೆಳಿಗ್ಗೆ ಹನ್ನೊಂದೂವರೆಗೆ ಶುರುವಾಯಿತು. ಪಾರ್ಕಿನ ಕಡೆಯಿಂದ ಹರೀಶ್ ಎಂಬ ಅಧಿಕಾರಿ ಬಂದಿದ್ದರು. ಚುರುಕು ಮನುಷ್ಯ, ಮಾತಿನಲ್ಲಿ ಸೌಜನ್ಯವಿತ್ತು. ಪರದೆಯ ಮೇಲೆ ಅಲೆಯ ಕೊಳ ತೋರಿಸಿದರು, ಹಿಮದ ಕೋಣೆ ತೋರಿಸಿದರು. ಸುಳ್ಳೇಕೆ, ನಾನೂ ಕತ್ತು ಚಾಚಿ ನೋಡಿದೆ. ಶುದ್ಧೀಕರಿಸಿದ ನೀರನ್ನು ಮತ್ತೆ ಮತ್ತೆ ಬಳಸುತ್ತೇವೆ, ಉಳಿದ ಸ್ವಲ್ಪವನ್ನು ಮಾತ್ರ ನಗರದ ಲೈನಿನಿಂದ ಪಡೆಯುತ್ತೇವೆ, ಯಾರಿಗೂ ತೊಂದರೆಯಿಲ್ಲ ಎಂದರು. ಆಮೇಲೆ ವಾಗೀಶ ಮರಿಸ್ವಾಮಿಯವರನ್ನು ಎಬ್ಬಿಸಿದರು.

“ಒಂಬತ್ತನೇ ಕ್ರಾಸಿಗೆ ನೀರು ಓಗ್ತಿಲ್ಲ ಸಾರ್” ಎಂದು ಶುರುಮಾಡಿದರು ಮರಿಸ್ವಾಮಿ. ವಾಗೀಶ ತಲೆ ಆಡಿಸಿದರು. “ಯಾಕೆ ಅಂದ್ರೆ, ಅದ್ಕೂ ಮುಂಚಿನ್ ಮನೆಗಳಲ್ಲಿ ನಲವತ್ತೊಂದು ಮೋಟ್ರು ಪೈಪಿಗೇ ಕೂತವೆ. ಅದ್ರಲ್ಲಿ ಒಂದು ನಮ್ಮನೇದು.”

ಸಭೆಯಲ್ಲಿ ಗುಜುಗುಜು ಎದ್ದಿತು. ವಾಗೀಶ ಅವರ ಅಂಗಿಯ ತುದಿ ಹಿಡಿದು ಜಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಹರೀಶ್ ನಗುತ್ತ, “ನೋಡಿ, ಇವರೇ ಹೇಳ್ತಿದಾರೆ. ಸಮಸ್ಯೆ ಬಡಾವಣೆಯ ಒಳಗೇ ಇದೆ. ಪಾರ್ಕಿಗೂ ಇದಕ್ಕೂ ಸಂಬಂಧ ಇಲ್ಲ” ಎಂದರು.

“ಇರಿ ಸಾರ್, ನಂದಿನ್ನೂ ಮುಗ್ದಿಲ್ಲ” ಎಂದರು ಮರಿಸ್ವಾಮಿ. ದನಿ ಏರಿಸಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಆಸೆಯಿಂದಲೇ ಕೇಳಿದರು. “ನಮ್ಮ ಮೋಟ್ರು ಒಂದೊಂದೂ ಅರ್ಧ ಎಚ್‌ಪಿ. ಅದು ಎಳ್ದಿದ್ದಕ್ಕೇ ಕೊನೇ ನಲ್ಲಿ ಒಣಗೋಯ್ತು. ನಿಮ್ದು ಎಷ್ಟು ಎಚ್‌ಪಿ? ನಿಮ್ಮ ಪೈಪ್ನ ನಮ್ಮ ಟ್ಯಾಂಕಿಗಿಂತ ಮೊದ್ಲೇ ಕೂಡುಸ್ತೀರೋ, ಟ್ಯಾಂಕು ದಾಟಿದ್ ಮೇಲೆ ಕೂಡುಸ್ತೀರೋ? ಆರ್ರಿಂದ ಎಂಟ್ರ ತಂಕ ನಾವು ಬುಡೋ ಒತ್ತಲ್ಲಿ ನೀವೂ ಎಳೀತೀರಾ? ಅಷ್ಟು ಏಳ್ಬುಡಿ, ನಾನು ಆ ಎಣ್ಣುಮಗಳಿಗೆ ಏಳ್ಬೇಕು.”

ಹರೀಶ್ ಮುಂದಿದ್ದ ದಪ್ಪ ವರದಿಯ ಹಾಳೆ ತಿರುವಿದರು. ಪಕ್ಕದವರನ್ನು ಕೇಳಿದರು. ಮತ್ತೆ ತಿರುವಿದರು. ಲಿಖಿತವಾಗಿ ಉತ್ತರ ಕೊಡುತ್ತೇವೆ ಎಂದರು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಪ್ರಶ್ನೆಯನ್ನು ಕೇಳಿದ ಹಾಗೇ ಬರೆಸಿಕೊಂಡರು, ಉತ್ತರ ಬರುವ ತನಕ ನೀರಿನ ವಿಷಯ ಮುಗಿದಂತಲ್ಲ ಎಂದು ಸೇರಿಸಿದರು. ಆ ದಿನ ಹದಿನಾರು ಜನ ಮಾತಾಡಿದರು. ಬರೆಸಿಕೊಂಡದ್ದು ಇದೊಂದನ್ನೇ.

ಹೊರಗೆ ಬಂದ ಮೇಲೆ ಕೆಲವರು ಮರಿಸ್ವಾಮಿಯವರ ಕೈ ಹಿಡಿದರು, ಕೆಲವರು ಮುಖ ತಿರುಗಿಸಿದರು. ವಾಗೀಶ ಒಂದು ವಾರ ಮಾತು ಬಿಟ್ಟರು. ಆದರೆ ಮುಂದಿನ ನೀರಿನ ದಿನಕ್ಕೆ ಹತ್ತೊಂಬತ್ತು ಮನೆಯವರು ಮೋಟಾರು ಹಾಕುವುದಿಲ್ಲ ಎಂದು ಗುಂಪಿನಲ್ಲಿ ಬರೆದರು. ನಾನೂ ಬರೆದೆ. ನಿಜವಾಗಿ ಹಾಕಲಿಲ್ಲವೋ, ಬರೆದದ್ದಷ್ಟೆಯೋ ಎಂಬ ಕುತೂಹಲ ತಡೆಯಲಾರದೆ ಆರೂವರೆಗೆ ಒಂಬತ್ತನೇ ಕ್ರಾಸಿಗೆ ನಡೆದೆ.

ದಿವ್ಯಳ ಅಂಗಳದಲ್ಲಿ ನಲ್ಲಿಯ ಮುಂದೆ ಕೆಂಚಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದರು. ನನ್ನನ್ನು ನೋಡಿ, “ಮೋಟ್ರು ಆಪ್ ಮಾಡ್ಬುಟ್ಟು ಬಂದೆ. ನಂದು ನಿಲ್ಸುದ್ರೆ ಇಲ್ಗೆ ಏನಾದ್ರೂ ಬತ್ತದಾ ನೋಡಾನ ಅಂತ” ಎಂದರು. ಯಾರೂ ಕೇಳದೆಯೇ ಇನ್ನೊಂದು ಮಾತು ಸೇರಿಸಿದರು, “ಕಿತ್ತಾಕಿಲ್ಲ ಮತ್ತೆ. ಆಪ್ ಮಾಡಿವ್ನಿ ಅಷ್ಟೆ.”

ನಲ್ಲಿ ಮೊದಲು ಗೊರಗೊರ ಎಂದಿತು. ಗಾಳಿ ಉಗುಳಿತು. ಕೆಸರು ಬಣ್ಣದ ನೀರು ಸಿಡಿಯಿತು. ಆಮೇಲೆ ತಿಳಿಯಾಗಿ, ಹೆಬ್ಬೆರಳಿನಷ್ಟು ದಪ್ಪಕ್ಕೆ ಒಂದೇ ಸಮನೆ ಬಿದ್ದಿತು. ಕೆಂಚಮ್ಮ ಫೋನು ತೆಗೆದು ಗಂಡನಿಗೆ, “ಒಂದು ಗಳಿಗೆ ಅದನ್ನ ಬುಟ್ಟು ಇಲ್ಲಿಗೆ ಬನ್ನಿ” ಎಂದರು.

ಸ್ಕೂಟರಿನಲ್ಲಿ ಬಂದ ಮರಿಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಇಷ್ಟು ವರ್ಷ ತಾವು ಬಿಟ್ಟ ನೀರು ಒಂದು ಮನೆಯನ್ನು ಮುಟ್ಟುವುದನ್ನು ಅವರು ನಿಂತು ನೋಡಿರಲೇ ಇಲ್ಲ. ಅಂಗೈ ಒಡ್ಡಿದರು, ಮುಖಕ್ಕೆ ಎರಚಿಕೊಂಡರು. ಕೆಂಚಮ್ಮ ನಕ್ಕರು, ನಾನೂ ನಕ್ಕೆ. ಐದನೇ ಕೊಡ ತುಂಬುತ್ತಿದ್ದ ದಿವ್ಯ ಮಾತ್ರ ನಗಲಿಲ್ಲ.

“ಪಾರ್ಕಿನೋರು ಬರ್ದು ಕೊಟ್ರಾ ಅಣ್ಣ?” ಎಂದಳು.

“ಇನ್ನೂ ಇಲ್ಲ ಕಣವ್ವ.”

ದಿವ್ಯ ತುಂಬಿದ ಕೊಡ ಎತ್ತಿ ಪಕ್ಕಕ್ಕಿಟ್ಟು ಖಾಲಿ ಕೊಡ ಹಿಡಿದಳು. “ನೀರು ಬರ್ದೇ ಇದ್ದಾಗ ಎದ್ರಿಕೆ ಇರ್ಲಿಲ್ಲ, ಓದ್ರೆ ಓಗ್ಲಿ ಅಂತಿದ್ದೆ” ಎಂದಳು. “ಈಗ ಬತ್ತಾ ಅದೆಯಲ್ಲ, ಈಗ ಎದ್ರಿಕೆ ಆಯ್ತಾ ಅದೆ.”