ಬೆಂಚಿನ ಮೇಲೆ ಕೂರದ ಹೆಂಗಸು

ಆಕೆ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಹೆಂಗಸು. ನಾನು ರಿಟೈರಾದ ಗಣಿತದ ಟೀಚರ್. ಇಬ್ಬರಿಗೂ ಸ್ತನ ಕ್ಯಾನ್ಸರ್ ಮೊದಲ ಹಂತದಲ್ಲೇ ಗೊತ್ತಾಗಿ ಆಪರೇಷನ್ ಆಗಿತ್ತು. ಆಮೇಲೆ ನುಂಗುವ ಮಾತ್ರೆ ಮೂಳೆಯನ್ನು ಸವೆಸುತ್ತದೆಂದು, ಆರು ತಿಂಗಳಿಗೊಮ್ಮೆ ಮೂಳೆ ಕಾಯುವ ಡ್ರಿಪ್ ಹಾಕಿಸಿಕೊಳ್ಳಲು ಒಂದೇ ಆಸ್ಪತ್ರೆಗೆ ಬರುತ್ತಿದ್ದೆವು.

ನಾನು ಯಾದವಗಿರಿಯಿಂದ ಆಟೋದಲ್ಲಿ ಬಂದು ಬೆಂಚು ಹಿಡಿಯುತ್ತಿದ್ದೆ. ಆಕೆ ವಿದ್ಯಾರಣ್ಯಪುರಂನಿಂದ ನಡೆದೇ ಬಂದು, ಸರದಿ ಬರುವವರೆಗೂ ನಿಂತೇ ಇರುತ್ತಿದ್ದಳು. ಕೂತುಕೊಳ್ಳಿ ಎಂದರೆ, "ಕೂತ್ರೆ ತುಕ್ಕು ಹಿಡಿತದೆ ಕಣಮ್ಮ" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವಳು. ಆ ನೆಟ್ಟನೆಯ ಬೆನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಹಾಲು, ಬಾದಾಮಿ, ಕ್ಯಾಲ್ಸಿಯಂ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದವಳು ನಾನು.

ಡಾಕ್ಟರು ರಜದಲ್ಲಿದ್ದ ಒಂದು ದಿನ ನರ್ಸ್ ಇಬ್ಬರ ಕೈಗೂ ಮೂಳೆ ಸ್ಕ್ಯಾನಿನ ರಿಪೋರ್ಟು ಕೊಟ್ಟರು. ನನ್ನದು ಮೈನಸ್ ಎರಡೂವರೆ, ಆಕೆಯದು ಮೈನಸ್ ಒಂದು. ಮೈನಸ್ ಕಡಿಮೆಯಿದ್ದಷ್ಟೂ ಮೂಳೆ ಗಟ್ಟಿ. ಆಕೆ ಎರಡೂ ಹಾಳೆ ಪಕ್ಕಪಕ್ಕ ಹಿಡಿದು, "ನಿಮ್ದೇ ಜಾಸ್ತಿ ಬಂದದೆ ಟೀಚರಮ್ಮ. ನಂದು ಬರೀ ಒಂದು" ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಮೈನಸ್ ಕಲಿಸಿದ ನಾನು, "ಪರವಾಗಿಲ್ಲ, ನಿಮಗೂ ಬರುತ್ತೆ" ಎಂದು ಸಮಾಧಾನ ಹೇಳಿದೆ. ಮನೆಗೆ ಬರುವಾಗ ನನ್ನ ಬೆನ್ನೂ ನೆಟ್ಟಗಾದಂತಿತ್ತು.

ಮುಂದಿನ ಸಲ ಆಕೆ ಆಟೋದಿಂದ ಇಳಿದಳು. ನೇರವಾಗಿ ಬಂದು ಬೆಂಚಿನ ಮೇಲೆ ನನಗೆ ಒತ್ತಿಕೊಂಡು ಕೂತಳು.

"ಮುದ್ದೆ ತಿರುವೋ ಕೆಲ್ಸ ಬುಟ್ಬುಟ್ಟೆ ಕಣಮ್ಮ. ನಡೆಯೋದೂ ಬುಟ್ಟೆ. ಈಗ ಎಲ್ಲಾ ನಿಮ್ಮಂಗೇ."